ನಮ್ಮೂರಿನ ‘ಸೇಫ್ಟಿ ಟ್ಯಾಂಕು’

ನಮ್ಮ ಕಡೆ ಸೆಪ್ಟಿಕ್ ಟ್ಯಾಂಕಿಗೆ ‘ಸೇಫ್ಟಿ ಟ್ಯಾಂಕ್’ ಅನ್ನುತ್ತಾರೆ. ಗೌಂಡಿಯೂ ಹಾಗೇ ಅನ್ನುತ್ತಾನೆ, ಸಿಮೆಂಟ್ ಅಂಗಡಿಯ ಚೀಟಿಯಲ್ಲೂ ಹಾಗೇ ಬರೆದಿರುತ್ತದೆ. ಒಮ್ಮೆ ಪಂಚಾಯ್ತಿ ಕಟ್ಟೆಯ ಮೇಲೆ ಕೂತು ನಾನು ಆ ಪದವನ್ನು ತಿದ್ದಲು ಹೋದಾಗ ಹಿರಿಯರೊಬ್ಬರು, ‘ಅದರಾಗ ಏನ್ ಫರಕ್ ಐತಿ ತಮ್ಮಾ? ಕಣ್ಣಿಗೆ ಕಾಣಂಗಿಲ್ಲ, ಮೂಗಿಗೆ ಬಡ್ಯಂಗಿಲ್ಲ. ಸೇಫ್ಟಿ ಅಂದ್ರ ಮತ್ತೇನು?’ ಅಂದರು. ಆಗ ನಕ್ಕು ಸುಮ್ಮನಾಗಿದ್ದೆ. ಈಗ ನಗು ಬರುವುದಿಲ್ಲ. ರೋಣ, ನರಗುಂದ, ಗಜೇಂದ್ರಗಡದ ಹಳ್ಳಿಗಳಲ್ಲಿ ನಾವು ನೆಲದ ಕೆಳಗೆ ಕಟ್ಟಿಕೊಂಡಿರುವ ಬಹುಪಾಲು ಟ್ಯಾಂಕುಗಳು ಮುಚ್ಚಳ ಹಾಕಿದ ತೆಗ್ಗುಗಳು, ಅಷ್ಟೇ. ಅವುಗಳಿಗೆ ಸರ್ಕಾರದ ನಿಯಮವಿದೆ. ಆ ನಿಯಮವನ್ನು ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಇದರ ಬೆಲೆ ತೆರುತ್ತಿರುವವರು ಮಾತ್ರ ಮನೆ ಕಟ್ಟಿಸಿದ ನನ್ನಂಥವರಲ್ಲ.

ನನ್ನ ಮನೆಯ ಕಥೆಯಿಂದಲೇ ಶುರು ಮಾಡುತ್ತೇನೆ, ಯಾಕೆಂದರೆ ಈ ತಪ್ಪಿನಲ್ಲಿ ನನ್ನ ಪಾಲೂ ಇದೆ.

ಅಪ್ಪ ಕಟ್ಟಿದ ಮಣ್ಣಿನ ಮನೆಯನ್ನು ಕೆಡವಿ ಹೊಸದಾಗಿ ಕಟ್ಟಿಸಿದೆ. ಪರವಾನಗಿಗೆ ಅರ್ಜಿ ಹಾಕಿದಾಗ ಉತಾರ ಕೇಳಿದರು, ಮನೆಪಟ್ಟಿ ಕಟ್ಟಿದ ರಸೀದಿ ಕೇಳಿದರು, ನಕಾಶೆ ಕೇಳಿದರು, ಚಕ್ಕುಬಂದಿ ಕೇಳಿದರು. ನಕಾಶೆಯ ಮೂಲೆಯಲ್ಲಿ ಎಂಜಿನಿಯರ್ ಬೆಂಕಿಪೊಟ್ಟಣದಷ್ಟು ಚೌಕ ಎಳೆದು ‘ಎಸ್.ಟಿ.’ ಎಂದು ಬರೆದಿದ್ದ. ಆ ಚೌಕದ ಬಗ್ಗೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಎಷ್ಟು ಆಳ? ತಳಕ್ಕೆ ಕಾಂಕ್ರೀಟ್ ಇದೆಯೇ? ಬಾವಿ, ಬೋರ್‌ವೆಲ್ ಎಷ್ಟು ದೂರ? ಹೊರಗೆ ಬರುವ ನೀರು ಎಲ್ಲಿಗೆ ಹೋಗುತ್ತದೆ? ಯಾವುದೂ ಇಲ್ಲ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ 64ನೇ ಪ್ರಕರಣದ ಪ್ರಕಾರ ಗ್ರಾಮ ಪಂಚಾಯಿತಿಯ ಲಿಖಿತ ಅನುಮತಿ ಇಲ್ಲದೆ ಯಾರೂ ಕಟ್ಟಡ ಕಟ್ಟುವಂತಿಲ್ಲ. ಆ ಅನುಮತಿ ನನಗೆ ಸಿಕ್ಕಿತು. ಆದರೆ ಅದು ನೆಲದ ಮೇಲಿನ ಮನೆಗೆ ಮಾತ್ರ. ನೆಲದ ಕೆಳಗಿನದಕ್ಕೆ ಅನುಮತಿ ಕೊಟ್ಟವನು ಗೌಂಡಿ.

‘ಹತ್ತ್ ಫೂಟ್ ಉದ್ದ, ಹತ್ತ್ ಫೂಟ್ ಅಗಲ, ಹತ್ತ್ ಫೂಟ್ ಆಳ ತೆಗಿಸಿಬಿಡ್ರಿ ಸರ. ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ತುಂಬಂಗಿಲ್ಲ’ ಅಂದ. ಸುತ್ತ ಕಲ್ಲು ಕಟ್ಟಿದ, ನೀರು ಇಂಗಲಿ ಎಂದು ತಳಕ್ಕೆ ಏನೂ ಹಾಕಲಿಲ್ಲ, ಮೇಲೆ ಸ್ಲ್ಯಾಬ್ ಎಳೆದ. ಮುಚ್ಚಳ ತೆಗೆಯುವ ಕಿಂಡಿಯನ್ನೂ ಬಿಡಲಿಲ್ಲ. ‘ಯಾಕ ಬೇಕ್ರಿ ಅದು, ಹುಳಾ ಬರ್ತಾವ’ ಅಂದ. ನಾನೂ ಒಪ್ಪಿದೆ.

ಎರಡನೇ ಮಳೆಗಾಲಕ್ಕೆ ಸಂಡಾಸಿನಲ್ಲಿ ನೀರು ಕೆಳಗಿಳಿಯುವುದನ್ನು ಬಿಟ್ಟು ಮೇಲೆ ಬಂತು. ಗೌಂಡಿಯನ್ನು ಕರೆಸಿದೆ. ಅವನು ಆ ಕಡೆ ಈ ಕಡೆ ನೋಡಿ ದನಿ ತಗ್ಗಿಸಿ, ‘ಇಬ್ಬರದಾರ ಸರ. ರಾತ್ರಿ ಬರ್ತಾರ, ಬೆಳಗಾಗೂದ್ರಾಗ ಖಾಲಿ ಮಾಡಿ ಹೋಗ್ತಾರ. ಯಾರಿಗೂ ಗೊತ್ತಾಗಂಗಿಲ್ಲ’ ಅಂದ. ನಾನು ತಕ್ಷಣ ಬೇಡ ಅನ್ನಲಿಲ್ಲ. ಮನೆಯಲ್ಲಿ ವಯಸ್ಸಾದ ಅವ್ವ, ಸಣ್ಣ ಮಕ್ಕಳು, ಹೊರಗೆ ಜಿಟಿಜಿಟಿ ಮಳೆ. ‘ನಾಳೆ ಹೇಳ್ತೀನಿ’ ಅಂದೆ. ಕಾಲೇಜಿನಲ್ಲಿ ದಲಿತ ಸಾಹಿತ್ಯ ಓದಿ ಕಣ್ಣೀರಿಟ್ಟವನು ನಾನು. ಆ ಒಂದು ರಾತ್ರಿ ಲೆಕ್ಕ ಹಾಕುತ್ತ ಮಲಗಿದ್ದೆ. ಬೆಳಿಗ್ಗೆ ಬೇಡ ಅಂದೆ, ಪಟ್ಟಣದಿಂದ ಹೀರುವ ಟ್ಯಾಂಕರ್ ತರಿಸಿದೆ, ಸ್ಲ್ಯಾಬ್ ಒಡೆಸಿ ಪೈಪು ಇಳಿಸಿದರು. ದುಡ್ಡು ಕೊಡುವಾಗ ಚಾಲಕನನ್ನು, ‘ಇದನ್ನ ಎಲ್ಲಿ ಚೆಲ್ತೀಯಪಾ?’ ಎಂದು ಕೇಳಿದೆ. ಅವನು ನನ್ನನ್ನೇ ವಿಚಿತ್ರವಾಗಿ ನೋಡಿ, ‘ಎಲ್ಲೆರೆ ಹಳ್ಳಕ್ಕ’ ಅಂದ. ಅದಕ್ಕೂ ನಾನು ದುಡ್ಡು ಕೊಟ್ಟೆ.

ಇಷ್ಟಾದ ಮೇಲೆ ನಿಯಮ ಏನಿದೆ ಎಂದು ಹುಡುಕಿ ಓದಿದೆ. ಭಾರತೀಯ ಮಾನಕ ಬ್ಯೂರೋದ ಐ.ಎಸ್. 2470 ಎಂಬ ಸಂಹಿತೆ 1985ರಿಂದ ಇದೇ ರೂಪದಲ್ಲಿದೆ. ಅದರ ಪ್ರಕಾರ ಸೆಪ್ಟಿಕ್ ಟ್ಯಾಂಕ್ ಎಂದರೆ ಸೋರದ ಪೆಟ್ಟಿಗೆ. ಗಟ್ಟಿ ವಸ್ತು ತಳಕ್ಕೆ ಕೂರುತ್ತದೆ, ಜಿಡ್ಡು ಮೇಲೆ ತೇಲುತ್ತದೆ, ಗಾಳಿ ಬೇಡದ ಸೂಕ್ಷ್ಮಜೀವಿಗಳು ಒಳಗೇ ಅದನ್ನು ಕರಗಿಸುತ್ತವೆ. ನಡುವಿನ ನೀರು ಹೊರಗೆ ಹೋಗುತ್ತದೆ. ಹಾಗೆ ಹೋಗುವ ನೀರು ಶುದ್ಧವಲ್ಲ, ಅದಕ್ಕೆ ಇನ್ನೊಂದು ವ್ಯವಸ್ಥೆ ಬೇಕೇ ಬೇಕು. ಐದು ಜನರ ಮನೆಗೆ ಸಂಹಿತೆ ಹೇಳುವ ಅಳತೆ ಒಂದೂವರೆ ಮೀಟರ್ ಉದ್ದ, ಮುಕ್ಕಾಲು ಮೀಟರ್ ಅಗಲ, ಒಂದು ಮೀಟರ್‌ಗಿಂತ ತುಸು ಹೆಚ್ಚು ನೀರಿನ ಆಳ. ಅಂದರೆ ಸುಮಾರು 1,200 ಲೀಟರ್. ನನ್ನ ಗೌಂಡಿ ತೆಗೆಸಿದ ತೆಗ್ಗು 28,000 ಲೀಟರ್ ಮೀರುತ್ತದೆ. ಇಪ್ಪತ್ತಮೂರು ಪಟ್ಟು ದೊಡ್ಡದು, ಆದರೂ ಎರಡೇ ವರ್ಷಕ್ಕೆ ತುಂಬಿತು. ಯಾಕೆ?

ಉತ್ತರ ನಮ್ಮ ಕಾಲಡಿಯ ಎರಿ ಮಣ್ಣಿನಲ್ಲಿದೆ. ಜೋಳ, ಕಡಲೆ, ಹತ್ತಿ ಕೊಟ್ಟ ಈ ಕಪ್ಪು ನೆಲ ನೀರನ್ನು ಹಿಡಿದಿಡುತ್ತದೆ, ಬಿಟ್ಟುಕೊಡುವುದಿಲ್ಲ. ಹಿಂಗಾರಿಯಲ್ಲಿ ಮಳೆ ಇಲ್ಲದೆಯೂ ಕಡಲೆ ಬೆಳೆಯುವುದು ಅದೇ ಗುಣದಿಂದ. ಅದೇ ಗುಣ ಸಂಡಾಸಿನ ತೆಗ್ಗಿಗೆ ಶತ್ರು. ಮಳೆಗಾಲದಲ್ಲಿ ಮಣ್ಣು ಉಬ್ಬಿ ಗೋಡೆಯನ್ನು ಒತ್ತುತ್ತದೆ, ಒಂದು ಹನಿಯನ್ನೂ ಕುಡಿಯುವುದಿಲ್ಲ. ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು ಬಿಡುತ್ತದೆ, ಆಗ ಒಳಗಿನ ಕೊಳೆ ನೀರು ಸೋಸುವುದಕ್ಕೆ ಸಿಗದೆ ನೇರ ಕೆಳಗಿಳಿಯುತ್ತದೆ. ನರಗುಂದ ತಾಲ್ಲೂಕಿನ ನೀರಾವರಿ ಭಾಗದಲ್ಲಿ ಮಲಪ್ರಭಾ ಕಾಲುವೆ ಬಂದ ಮೇಲೆ ಜೌಗು, ಸವಳು ಬೇರೆ. ಅಂತರ್ಜಲ ಮೇಲೇರಿದ ಕಡೆ ತೆಗ್ಗಿನೊಳಗಿನ ನೀರು ಇಂಗುವುದಿರಲಿ, ಹೊರಗಿನ ನೀರೇ ಒಳಗೆ ಬರುತ್ತದೆ. ಗಜೇಂದ್ರಗಡದ ಗುಡ್ಡದ ಸೆರಗಿನಲ್ಲಿ ಮಸಾರಿ ಇದೆ, ಅಲ್ಲಿ ನೀರು ಇಂಗೀತು, ಆದರೆ ಎಷ್ಟೋ ಕಡೆ ಸ್ವಲ್ಪ ಅಗೆದರೆ ಕಲ್ಲು. ಮೂರು ತಾಲ್ಲೂಕು, ಮೂರು ಬಗೆಯ ನೆಲ.

ಸಂಹಿತೆಗೆ ಇದೆಲ್ಲ ಗೊತ್ತಿದೆ. ಒಂದು ಸಣ್ಣ ಗುಂಡಿ ತೋಡಿ, ರಾತ್ರಿಯಿಡೀ ಅದಕ್ಕೆ ನೀರು ಕುಡಿಸಿ, ಮರುದಿನ ನೀರು 25 ಮಿಲಿಮೀಟರ್ ಇಳಿಯಲು ಎಷ್ಟು ನಿಮಿಷ ಬೇಕೆಂದು ನೋಡಿ ಅನ್ನುತ್ತದೆ. 30 ನಿಮಿಷದೊಳಗೆ ಇಳಿದರೆ ಇಂಗುಗುಂಡಿ ಮಾಡಿ. 60 ನಿಮಿಷ ದಾಟಿದರೆ ಅಂಥ ಜಿಗುಟು ಮಣ್ಣಿನಲ್ಲಿ ಇಂಗಿಸುವ ಮಾತೇ ಬೇಡ, ನೆಲದ ಮಟ್ಟಕ್ಕಿಂತ ಮೇಲೆ ಜಲ್ಲಿಯ ಸೋಸುಪೆಟ್ಟಿಗೆ ಕಟ್ಟಿ ಅನ್ನುತ್ತದೆ. ಈ ಪರೀಕ್ಷೆಗೆ ಬೇಕಾಗುವುದು ಒಂದು ಗುದ್ದಲಿ, ಎರಡು ಕೊಡ ನೀರು, ಒಂದು ಗಡಿಯಾರ. ನಮ್ಮ ಸುತ್ತಮುತ್ತ ಮನೆ ಕಟ್ಟುವ ಮುನ್ನ ಯಾರಾದರೂ ಇದನ್ನು ಮಾಡಿದ್ದನ್ನು ನಾನು ಕಂಡಿಲ್ಲ. ಆದರೆ ನೀರು ತೋರಿಸುವವರನ್ನು ಕರೆಸಿ ತೆಂಗಿನಕಾಯಿ ಹಿಡಿಸಿ ಬೋರು ಹಾಕಿಸಿದ್ದನ್ನು ಕಂಡಿದ್ದೇನೆ.

ಇದೇ ಸಂಹಿತೆ ಇಂಗುಗುಂಡಿ ಕುಡಿಯುವ ನೀರಿನ ಮೂಲದಿಂದ 18 ಮೀಟರ್, ವಾಸದ ಮನೆಯಿಂದ 6 ಮೀಟರ್ ದೂರ ಇರಬೇಕು ಅನ್ನುತ್ತದೆ. ಇಲ್ಲಿ ಸ್ವಲ್ಪ ನಿಲ್ಲಬೇಕು. ನಮ್ಮೂರಿನ 30-40ರ ಸೈಟು ಎಂದರೆ 9 ಮೀಟರ್‌ಗೆ 12 ಮೀಟರ್. ಆ ಜಾಗದಲ್ಲಿ ಮನೆ ಕಟ್ಟಿ, 6 ಮೀಟರ್ ಬಿಟ್ಟು ಗುಂಡಿ ತೋಡಿ, ಪಕ್ಕದ ಮನೆಯ ಬೋರಿನಿಂದ 18 ಮೀಟರ್ ದೂರ ಹೋಗುವುದು ಹೇಗೆ? ಗುಂಡಿ ಮೂರನೇ ಮನೆಯ ಪಡಸಾಲೆಯಲ್ಲಿ ಇರಬೇಕಾಗುತ್ತದೆ. ಒಬ್ಬೊಬ್ಬ ಮನೆಯವನೂ ತನ್ನ ಜಾಗದಲ್ಲಿ ಪಾಲಿಸಲು ಸಾಧ್ಯವೇ ಇಲ್ಲದ ನಿಯಮ ಇದು. ಪಾಲಿಸಲಾಗದ ನಿಯಮವನ್ನು ಕೇಳಿದರೆ ಜಗಳ, ಕೇಳದಿದ್ದರೆ ಎಲ್ಲರಿಗೂ ಸುಖ. ಹೀಗಾಗಿ ಕಚೇರಿಯವರು ಕೇಳುವುದಿಲ್ಲ, ನಾವು ಹೇಳುವುದಿಲ್ಲ. ಇನ್ನು ಸ್ವಂತ ಹೊಲದಲ್ಲಿ ಕೃಷಿಗಾಗಿ ತೋಟದ ಮನೆ ಕಟ್ಟಿಕೊಳ್ಳುವವರಿಗೆ ಭೂಪರಿವರ್ತನೆಯೂ ಬೇಕಿಲ್ಲ. ಅಲ್ಲಿ ಬಾವಿಯ ಪಕ್ಕದಲ್ಲೇ ತೆಗ್ಗು ತೋಡಿದರೂ ನೋಡುವ ಕಣ್ಣಿಲ್ಲ.

ಇದರ ಮೇಲೆ ಸರ್ಕಾರದ ಅಂಕಿ ಬಂದು ಕೂತಿತು. 2014ರ ಅಕ್ಟೋಬರ್ 2ರಂದು ಸ್ವಚ್ಛ ಭಾರತ ಶುರುವಾಯಿತು, ಒಂದು ಶೌಚಾಲಯಕ್ಕೆ 12,000 ರೂಪಾಯಿ ಪ್ರೋತ್ಸಾಹಧನ ಬಂತು. ನಾನು ಇದನ್ನು ಹೀಯಾಳಿಸಲಾರೆ. ಕತ್ತಲಾಗುವುದನ್ನೇ ಕಾಯುತ್ತ, ರಸ್ತೆಯಲ್ಲಿ ಗಾಡಿಯ ಬೆಳಕು ಬಿದ್ದಾಗಲೆಲ್ಲ ಎದ್ದು ನಿಲ್ಲುತ್ತ ಬದುಕು ಸವೆಸಿದ ಹೆಂಗಸರ ಪೈಕಿ ನನ್ನ ಅವ್ವನೂ ಒಬ್ಬಳು. ಆದರೆ ಎರಿ ನೆಲಕ್ಕೂ ಅಷ್ಟೇ ದುಡ್ಡು, ಮಸಾರಿಗೂ ಅಷ್ಟೇ, ಕಲ್ಲಿಗೂ ಅಷ್ಟೇ. ಮಾರ್ಗಸೂಚಿ ಹೇಳಿದ್ದು ಎರಡು ಗುಂಡಿಯ ಮಾದರಿ: ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸಿ, ಮೊದಲನೆಯದನ್ನು ಎರಡು ವರ್ಷ ಹಾಗೇ ಬಿಟ್ಟರೆ ಅದು ವಾಸನೆಯಿಲ್ಲದ ಗೊಬ್ಬರ. ನಮ್ಮ ಓಣಿಯಲ್ಲಿ ಆದದ್ದು ಒಂದು ಗುಂಡಿ, ಒಂದರ ಮೇಲೊಂದು ಸಿಮೆಂಟ್ ರಿಂಗು, ಬಾಗಿಲ ಮುಂದೆ ನಿಂತು ಒಂದು ಫೋಟೊ. 2018ರಲ್ಲಿ ಗ್ರಾಮೀಣ ಕರ್ನಾಟಕ ‘ಬಯಲು ಬಹಿರ್ದೆಸೆ ಮುಕ್ತ’ ಎಂದು ಘೋಷಣೆಯಾಯಿತು. ವಚನಕಾರರಿಗೆ ಬಯಲು ಎಂದರೆ ಎಲ್ಲ ಎಲ್ಲೆಗಳೂ ಕರಗುವ ತಾಣ. ನಮ್ಮ ಮನೆಗಳಲ್ಲಿ ‘ಬಯಲಕಡೆ’ ಎಂದರೆ ಬೇರೆಯೇ ಅರ್ಥ. ಸರ್ಕಾರಿ ಭಾಷೆಯಲ್ಲಿ ಈಗ ನಾವು ಬಯಲಿನಿಂದ ಮುಕ್ತರು. ಆದರೆ ಟ್ಯಾಂಕರ್ ಚಾಲಕ ಹಳ್ಳಕ್ಕೆ ಚೆಲ್ಲಿದ್ದು ಬಯಲಲ್ಲದೆ ಇನ್ನೇನು? ಊರವರು ಚರಗಿ ಹಿಡಿದು ಒಬ್ಬೊಬ್ಬರಾಗಿ ಹೋಗುತ್ತಿದ್ದ ಜಾಗಕ್ಕೆ ಈಗ ಟ್ಯಾಂಕರ್‌ನಲ್ಲಿ ಒಟ್ಟಾಗಿ ಹೋಗುತ್ತಿದ್ದೇವೆ.

2019ರಲ್ಲಿ ಜಲಜೀವನ ಮಿಷನ್ ಬಂತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂಬುದು ಅದರ ಗುರಿ. ಐದು ಜನರ ಮನೆಗೆ ನಳದಿಂದ ದಿನಾ 275 ಲೀಟರ್ ಬಂದರೆ ಅದರ ಬಹುಪಾಲು ಹೊರಗೆ ಹೋಗಲೇಬೇಕು. ಕೆರೆಯಿಂದ ಕೊಡ ಹೊತ್ತು ತಂದ ನೀರನ್ನು ಚೆಂಬಿನಲ್ಲಿ ಅಳೆದು ಸುರಿಯುತ್ತಿದ್ದ ಕಾಲದ ತೆಗ್ಗಿಗೂ ನಳ ಬಂದ ಮೇಲಿನ ತೆಗ್ಗಿಗೂ ಹೋಲಿಕೆಯಿಲ್ಲ. ನೀರು ತರುವ ಯೋಜನೆಗೆ ಒಂದು ಕಚೇರಿ, ಸಂಡಾಸು ಕಟ್ಟಿಸುವುದಕ್ಕೆ ಇನ್ನೊಂದು ಲೆಕ್ಕ. ಎರಡೂ ಕೂಡಿ ಹುಟ್ಟಿಸಿದ ಕೊಳೆ ನೀರಿಗೆ ಮಾತ್ರ ಅಪ್ಪ ಅವ್ವ ಇಲ್ಲ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು, ದಾಟಿದರೆ ಹಸುಗೂಸುಗಳ ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಕುಗ್ಗುತ್ತದೆ. ನೈಟ್ರೇಟಿಗೆ ಗೊಬ್ಬರವೂ ಕಾರಣ, ತೆಗ್ಗೂ ಕಾರಣ. ನಳ ಬಾರದ ದಿನ ನಾವೆಲ್ಲ ಬೋರಿಗೇ ಹೋಗುತ್ತೇವೆ.

ನೆಲದೊಳಗಿನ ತೆಗ್ಗು ನಮಗೆ ಹೊಸದೇನೂ ಅಲ್ಲ. ಈ ಸೀಮೆಯ ಹಳೆಯ ಮನೆಗಳ ಅಡಿಯಲ್ಲಿ ಹಗೇವುಗಳಿದ್ದವು. ಜೋಳ ತುಂಬಿ ವರ್ಷಗಟ್ಟಲೆ ಇಡುತ್ತಿದ್ದ ನೆಲಗುಮ್ಮಿಗಳು. ಹಗೇವು ತೋಡಲು ಎಲ್ಲರಿಗೂ ಬರುತ್ತಿರಲಿಲ್ಲ. ಯಾವ ಪದರ ಗಟ್ಟಿ, ಎಲ್ಲಿ ತೇವ ಏರುವುದಿಲ್ಲ ಎಂದು ಬಲ್ಲವರು ನೋಡಿ ಹೇಳಬೇಕಿತ್ತು. ತೆಗೆಯುವ ದಿನ ಬಾಯಿಗಲ್ಲು ಸರಿಸಿ ಗಾಳಿಯಾಡಲು ಬಿಡುತ್ತಿದ್ದರು, ದೀಪ ಇಳಿಸಿ ನೋಡುತ್ತಿದ್ದರು. ದೀಪ ಆರಿದರೆ ಮನುಷ್ಯನನ್ನು ಇಳಿಸುತ್ತಿರಲಿಲ್ಲ. ಯಾವ ಕಾಯ್ದೆ ಪುಸ್ತಕದಲ್ಲೂ ಇಲ್ಲದ ನಿಯಮ ಅದು, ಆದರೆ ಎಲ್ಲರೂ ಪಾಲಿಸುತ್ತಿದ್ದರು. ಮರೆತರೆ ಏನಾಗುತ್ತದೆ ಎಂಬುದನ್ನೂ ನೋಡಿದೆವು. ಕೆಲವು ವರ್ಷಗಳ ಹಿಂದೆ ನರಗುಂದ ಪಟ್ಟಣದ ಓಣಿಗಳಲ್ಲಿ, ಮನೆಗಳ ಒಳಗೂ ನೆಲ ಇದ್ದಕ್ಕಿದ್ದಂತೆ ಕುಸಿಯತೊಡಗಿದಾಗ, ಹಳೆಯ ಹಗೇವುಗಳು ಮತ್ತು ಮೇಲೇರಿದ ಅಂತರ್ಜಲದ ಕಡೆಗೇ ಬೆರಳು ಹೋಯಿತು. ನೆಲದ ಕೆಳಗೆ ಏನಿದೆ ಎಂಬ ದಾಖಲೆ ಯಾರ ಬಳಿಯೂ ಇರಲಿಲ್ಲ. ಇಂದು ನಾವು ತೋಡುತ್ತಿರುವ ಸಾವಿರಾರು ತೆಗ್ಗುಗಳ ದಾಖಲೆಯೂ ಯಾರ ಬಳಿಯೂ ಇಲ್ಲ.

ಕಾಳಿನ ತೆಗ್ಗಿಗೆ ಇಷ್ಟು ಜಾಗ್ರತೆ ಇದ್ದವರಿಗೆ ಮಲದ ತೆಗ್ಗಿಗೆ ಯಾಕಿಲ್ಲ? ಹಗೇವಿನೊಳಗೆ ಇಳಿಯುತ್ತಿದ್ದವನು ನಮ್ಮ ಮನೆಯವನೋ ನಮ್ಮ ಆಳೋ ಆಗಿರುತ್ತಿದ್ದ. ಸಂಡಾಸಿನ ತೆಗ್ಗಿಗೆ ಇಳಿಯುವವನ ಜಾತಿ ನಮಗೆ ಮೊದಲೇ ಗೊತ್ತು. ಗೌಂಡಿ ನನ್ನೆದುರು ‘ಇಬ್ಬರದಾರ’ ಅಂದಾಗ ಅವರು ಯಾರು ಎಂದು ನಾನು ಕೇಳಲಿಲ್ಲ, ಅವನು ಹೇಳಲೂ ಇಲ್ಲ. ಇಬ್ಬರಿಗೂ ಗೊತ್ತಿತ್ತು. ಈ ತೆಗ್ಗಿಗೆ ಹಗೇವಿನ ದೀಪವೂ ನಡೆಯದು. ಒಳಗಿರುವ ಮೀಥೇನ್ ಕಿಡಿ ಸೋಕಿದರೆ ಹೊತ್ತಿಕೊಳ್ಳುತ್ತದೆ, ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿನ ವಾಸನೆಯ ಶಕ್ತಿಯನ್ನೇ ಕೊಲ್ಲುತ್ತದೆ. ಮೊದಲು ಇಳಿದವನು ಬೀಳುತ್ತಾನೆ, ಎತ್ತಲು ಹೋದವನೂ ಬೀಳುತ್ತಾನೆ.

2013ರ ಕಾಯ್ದೆ ಇದನ್ನು ನಿಷೇಧಿಸಿದೆ. ಸುರಕ್ಷತಾ ಸಾಧನವಿಲ್ಲದೆ ಸೆಪ್ಟಿಕ್ ಟ್ಯಾಂಕಿಗೆ ಮನುಷ್ಯನನ್ನು ಇಳಿಸಿದರೆ ಮೊದಲ ಬಾರಿಗೆ ಎರಡು ವರ್ಷದವರೆಗೆ ಜೈಲು, 2 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ಸತ್ತವರ ಕುಟುಂಬಕ್ಕೆ ಸುಪ್ರೀಂ ಕೋರ್ಟ್ 2014ರಲ್ಲಿ 10 ಲಕ್ಷ, 2023ರ ಅಕ್ಟೋಬರ್‌ನಲ್ಲಿ 30 ಲಕ್ಷ ಪರಿಹಾರ ನಿಗದಿ ಮಾಡಿತು. ಕಾನೂನು ‘ಯಾವ ವ್ಯಕ್ತಿಯೂ’ ಅನ್ನುತ್ತದೆ, ಅಂದರೆ ಗುತ್ತಿಗೆದಾರನಷ್ಟೇ ಅಲ್ಲ, ಮನೆಯ ಯಜಮಾನನೂ. ಆ ರಾತ್ರಿ ನಾನು ‘ಹೂಂ’ ಅಂದಿದ್ದರೆ ಅಪರಾಧಿ ನಾನೇ.

ನಮ್ಮ ಸಾಹಿತ್ಯದ ಓದುಗರಿಗೆ ಬಿ. ಬಸವಲಿಂಗಪ್ಪ ಎಂದರೆ 1973ರ ಬೂಸಾ ಪ್ರಕರಣ. ಕನ್ನಡ ಸಾಹಿತ್ಯವನ್ನು ಬೂಸಾ ಎಂದರೆಂದು ಬೀದಿಗಿಳಿದೆವು. ಅದೇ ಮನುಷ್ಯ ಮಂತ್ರಿಯಾಗಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ರಾಜ್ಯದಲ್ಲಿ ನಿಲ್ಲಿಸಲು ಹೊರಟಿದ್ದನ್ನು ಎಷ್ಟು ಜನ ನೆನೆಯುತ್ತೇವೆ? ದೇಶದ ಕಾನೂನು ಬರಲು 1993 ಆಗಬೇಕಾಯಿತು. ಅದೂ ಸಾಲದೆ 2010ರ ಜುಲೈನಲ್ಲಿ, ನಮ್ಮ ನೆರೆಯ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ, ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಸಾರ್ವಜನಿಕವಾಗಿ ಮೈಮೇಲೆ ಮಲ ಸುರಿದುಕೊಂಡರು. ನಾವು ಕಾಣದಂತೆ ಸ್ಲ್ಯಾಬ್ ಹಾಕಿ ಮುಚ್ಚಿದ್ದನ್ನು ಅವರು ನಮ್ಮ ಕಣ್ಣೆದುರು ತಂದಿಟ್ಟರು.

ಇಷ್ಟು ಹೇಳಿದರೆ ಗೆಳೆಯರು ಕೇಳುವ ಪ್ರಶ್ನೆ ಒಂದೇ: ‘ಇನ್ನೊಂದು ಪರವಾನಗಿ ಅಂದ್ರ ಇನ್ನೊಂದು ಕೈಬಿಸಿ. ಬಡವರು ಈಗಷ್ಟ ಸಂಡಾಸ ಕಂಡಾರ, ಅವರ ಮ್ಯಾಲ ದಂಡಾ ಹಾಕಿಸ್ತೀಯೇನು?’ ಇದು ಹಗುರವಾದ ಪ್ರಶ್ನೆಯಲ್ಲ. ಅಮೆರಿಕದ ಅಲಬಾಮಾ ರಾಜ್ಯದ ಲೌಂಡ್ಸ್ ಕೌಂಟಿಯಲ್ಲಿ ನಮ್ಮ ಎರಿಯಂಥದೇ ನೀರು ಕುಡಿಯದ ಕಪ್ಪು ಜಿಗುಟು ಮಣ್ಣು, ಬಹುಪಾಲು ಬಡ ಕಪ್ಪು ಜನ. ಅಲ್ಲಿ ನಿಯಮ ಕಟ್ಟುನಿಟ್ಟಾಗಿತ್ತು, ಆದರೆ ಆ ಮಣ್ಣಿಗೆ ಒಗ್ಗುವ ವ್ಯವಸ್ಥೆಗೆ ಬೇಕಾದ ದುಡ್ಡು ಜನರ ಬಳಿ ಇರಲಿಲ್ಲ. ಕೊಳೆ ನೀರು ಅಂಗಳಕ್ಕೆ ಹರಿದಾಗ ಸರ್ಕಾರ ಅವರ ಮೇಲೇ ಮೊಕದ್ದಮೆ ಹೂಡಿತು. ಕ್ಯಾಥರೀನ್ ಕೋಲ್ಮನ್ ಫ್ಲವರ್ಸ್ ಎಂಬ ಅಲ್ಲಿಯದೇ ಮಹಿಳೆ ವರ್ಷಗಟ್ಟಲೆ ಹೋರಾಡಿದ ಮೇಲೆ, 2023ರಲ್ಲಿ ಕೇಂದ್ರ ನ್ಯಾಯ ಇಲಾಖೆಯೊಂದಿಗಿನ ಒಪ್ಪಂದದಲ್ಲಿ ರಾಜ್ಯದ ಆರೋಗ್ಯ ಇಲಾಖೆ ಇಂಥ ಮೊಕದ್ದಮೆಗಳನ್ನು ನಿಲ್ಲಿಸಲು ಒಪ್ಪಿತು. ನೆರವಿಲ್ಲದ ನಿಯಮ ಬಡವನಿಗೆ ಬೇಡಿಯಾಗುತ್ತದೆ ಎಂಬುದಕ್ಕೆ ಅದು ಸಾಕ್ಷಿ. ನಿಯಮವಿಲ್ಲದ ನೆರವು ಏನಾಗುತ್ತದೆ ಎಂಬುದಕ್ಕೆ ನಮ್ಮ ಓಣಿ ಸಾಕ್ಷಿ.

ಅದಕ್ಕೇ ನಾನು ಕೇಳುವುದು ಮನೆಗೊಂದು ಹೊಸ ಪರವಾನಗಿಯನ್ನಲ್ಲ. 18 ಮೀಟರ್ ಒಂದು ಸೈಟಿನಲ್ಲಿ ಹಿಡಿಸುವುದಿಲ್ಲ, ಆದರೆ ಒಂದು ಓಣಿಯಲ್ಲಿ ಹಿಡಿಸುತ್ತದೆ. ಎರಿ ನೆಲದ ಊರುಗಳಲ್ಲಿ ಹತ್ತು ಹದಿನೈದು ಮನೆಗೆ ಸೇರಿ ಸೋರದ ಒಂದು ಟ್ಯಾಂಕು, ನೆಲದ ಮೇಲೆ ಒಂದು ಸೋಸುಪೆಟ್ಟಿಗೆ. ಜಾಗ ಪಂಚಾಯ್ತಿಯದು, ಖರ್ಚು ಸರ್ಕಾರದ್ದು, ನಿಗಾ ಓಣಿಯದು. ಪ್ರೋತ್ಸಾಹಧನ ಮಣ್ಣು ನೋಡಿ ನಿಗದಿಯಾಗಲಿ. ಒಂಟಿ ಮನೆಗಳಿಗೆ ಮತ್ತು ತೋಟದ ಮನೆಗಳಿಗೆ ಇಂಗುವ ಪರೀಕ್ಷೆಯನ್ನು ಪಂಚಾಯ್ತಿಯೇ ಪುಕ್ಕಟೆ ಮಾಡಿಕೊಡಲಿ. ಸ್ಲ್ಯಾಬ್ ಹಾಕುವ ಮುನ್ನ ಎಂಜಿನಿಯರ್ ಒಮ್ಮೆ ಬಂದು ಒಳಗೆ ಇಣುಕಲಿ, ಹಾಕಿದ ಮೇಲೆ ಬಂದರೆ ಅವನಿಗೆ ಕಾಣುವುದು ತುಳಸಿಕಟ್ಟೆ ಮಾತ್ರ. ಈಗಾಗಲೇ ಇರುವ ತೆಗ್ಗುಗಳಿಗೆ ದಂಡ ಬೇಡ, ಲೆಕ್ಕ ಬೇಕು. ಎಲ್ಲಿದೆ, ಎಷ್ಟಿದೆ, ಕಿಂಡಿ ಇದೆಯೇ ಎಂದು ಉತಾರದ ಜತೆಗೇ ಬರೆದಿಡಲಿ.

ಟ್ಯಾಂಕರ್ ಪಂಚಾಯ್ತಿಗಳ ಒಕ್ಕೂಟದ್ದಾಗಲಿ. ತುಂಬಿ ಉಕ್ಕಿದಾಗ ಕರೆಯುವುದಲ್ಲ, ಎರಡು ಮೂರು ವರ್ಷಕ್ಕೊಮ್ಮೆ ಸರದಿಯ ಮೇಲೆ ತಾನೇ ಬರಲಿ, ಖರ್ಚು ಮನೆಪಟ್ಟಿಯಲ್ಲಿ ಸ್ವಲ್ಪ ಸ್ವಲ್ಪ ಸೇರಲಿ. ಆಗ ರಾತ್ರಿ ಬರುವ ‘ಇಬ್ಬರ’ ಅಗತ್ಯವೇ ಬೀಳುವುದಿಲ್ಲ. ಹೀರಿದ್ದನ್ನು ಚೆಲ್ಲಲು ಜಾಗ ಬೇಕು. ರೋಣ, ನರಗುಂದ, ಗಜೇಂದ್ರಗಡ ಮೂರೂ ಪುರಸಭೆಗಳಿರುವ ಊರುಗಳು. ಒಂದೊಂದು ಕಡೆ ಮಲದ ಕೆಸರನ್ನು ಒಣಗಿಸಿ ಗೊಬ್ಬರ ಮಾಡುವ ಘಟಕ ಇದ್ದು ಅದಕ್ಕೆ ಸುತ್ತಲ ಹಳ್ಳಿಗಳನ್ನು ಜೋಡಿಸಿದರೆ ಸಾಕು. ಇದು ಕನಸೇನಲ್ಲ. ದೇವನಹಳ್ಳಿಯಲ್ಲಿ 2015ರಿಂದಲೇ ಇಂಥ ಘಟಕವಿದೆ, ದೇಶಕ್ಕೇ ಮಾದರಿ ಎನಿಸಿದೆ. ರಾಷ್ಟ್ರೀಯ ನೀತಿ 2017ರಲ್ಲೇ ಬಂದಿದೆ. ಕೊಳೆಯನ್ನು ಹಳ್ಳಕ್ಕಾಗಲಿ, ಬಾವಿಗಾಗಲಿ, ನೆಲಕ್ಕಾಗಲಿ ಬಿಡಬಾರದೆಂದು 1974ರ ಜಲ ಕಾಯ್ದೆಯೇ ಹೇಳಿದೆ. ನಮ್ಮಲ್ಲಿ ಕಾಗದಕ್ಕೆ ಬರವಿಲ್ಲ.

1980ರಲ್ಲಿ ನರಗುಂದದ ರೈತರು ಕಾಲುವೆ ನೀರಿನ ಕರದ ವಿರುದ್ಧ ಎದ್ದು ಗುಂಡಿಗೆ ಎದೆಯೊಡ್ಡಿದರು. ಮಹದಾಯಿಗಾಗಿ ವರ್ಷಗಟ್ಟಲೆ ಧರಣಿ ಕೂತರು. ಮನೆಗೆ, ಹೊಲಕ್ಕೆ ಬರುವ ನೀರಿಗಾಗಿ ಇಷ್ಟೆಲ್ಲ ಹೋರಾಡಿದ ಸೀಮೆ ಇದು. ಮನೆಯಿಂದ ಹೊರಗೆ ಹೋಗುವ ನೀರಿನ ಬಗ್ಗೆ ಒಂದು ಗ್ರಾಮಸಭೆಯಲ್ಲೂ ಬಾಯಿ ಬಿಟ್ಟಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ನಾನು ಬಿಡುವವನಿದ್ದೇನೆ. ‘ಸೇಫ್ಟಿ ಟ್ಯಾಂಕ್’ ಎಂಬ ಪದವನ್ನು ಈ ಸಲ ತಿದ್ದುವುದಿಲ್ಲ. ಅದು ಯಾರಿಗೆ ಸೇಫ್ಟಿ ಎಂದು ಕೇಳುತ್ತೇನೆ. ಮೊದಲ ಹೆಸರಾಗಿ ನನ್ನ ಮನೆಯ ತೆಗ್ಗನ್ನೇ ಪಟ್ಟಿಗೆ ಬರೆಸುತ್ತೇನೆ: ಹತ್ತು ಫೂಟು, ತಳ ಇಲ್ಲ, ಕಿಂಡಿ ಈಗ ಇಡಿಸಿದೆ, ಒಮ್ಮೆ ಖಾಲಿ ಮಾಡಿಸಿದ್ದು ಹಳ್ಳಕ್ಕೆ.